ಗೇಟು ಹಂಚಿದೆವು, ಗೇಜು ಹಂಚಲಿಲ್ಲ

ಪ್ರತಿ ಹಂಗಾಮಿನಲ್ಲೂ ರಾಯಚೂರು ಜಿಲ್ಲೆಯಿಂದ ಒಂದೇ ಸುದ್ದಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಿಲ್ಲ. ರೈತರು ರಸ್ತೆಗೆ ಇಳಿದಿದ್ದಾರೆ. ಐಸಿಸಿ ಅನ್ನುವ ನೀರಾವರಿ ಸಲಹಾ ಸಮಿತಿಯ ಸಭೆ, ಸರದಿಯ ಮೇಲೆ ನೀರು ಬಿಡುವ ವಾರಬಂದಿ, ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್, ನೀರು ಬಳಕೆದಾರರ ಸಂಘ, ಈಗ ಕಂಪ್ಯೂಟರಿನಿಂದ ಕಾಲುವೆ ನಡೆಸುವ ಸ್ಕಾಡಾ. ಇಷ್ಟು ಮಾತು ಸೇರಿಕೊಂಡ ಮೇಲೆ ಜಗಳ ಯಾವುದರದ್ದು ಅನ್ನೋದೇ ತಿಳಿಯದಾಗಿದೆ. ಬುಡದಲ್ಲಿರುವ ಪ್ರಶ್ನೆ ಒಂದೇ. ಇಷ್ಟು ಉದ್ದದ ಕಾಲುವೆಯನ್ನು ಒಂದೇ ಕಡೆ ಕೂತು ನಡೆಸಬೇಕಾ, ಇಲ್ಲಾ ಗೇಟು ಗೇಟಿಗೂ ಅಧಿಕಾರ ಹಂಚಬೇಕಾ?

ವಿಜಯನಗರದ ಕಾಲದಲ್ಲಿ ನದಿಗೆ ಅಲ್ಲಲ್ಲಿ ಸಣ್ಣ ಒಡ್ಡು ಕಟ್ಟಿದರು, ಅದರಿಂದ ಕಾಲುವೆ ತೆಗೆದರು. ರಾಯ ಕಾಲುವೆ, ಬಸವಣ್ಣ ಕಾಲುವೆ ಇವತ್ತಿಗೂ ಹರಿಯುತ್ತಿವೆ. 1945ರಲ್ಲಿ ಮದ್ರಾಸ್ ಸರ್ಕಾರ ಮತ್ತು ಹೈದರಾಬಾದ್ ನಿಜಾಮರ ಸರ್ಕಾರ ಸೇರಿ ದೊಡ್ಡ ಅಣೆಕಟ್ಟೆಗೆ ಕೈ ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿ.ಮೀ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುತ್ತದೆ. ಸುಮಾರು 6 ಲಕ್ಷ ಎಕರೆ ಇದನ್ನೇ ನಂಬಿದೆ. ಯೋಜನೆ ಬರೆದಾಗ ಜೋಳ, ಹತ್ತಿ, ಶೇಂಗಾದಂಥ ಬೆಳೆಗೇ ಹೆಚ್ಚಿನ ಜಮೀನು. ಭತ್ತಕ್ಕೆ ಸ್ವಲ್ಪ ಮಾತ್ರ. ಆಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಬಂದವು, ಅಕ್ಕಿ ಗಿರಣಿ ಬಂದವು, ಮೇಲ್ಭಾಗವೆಲ್ಲ ಭತ್ತದ ಗದ್ದೆಯಾಯಿತು. 133 ಟಿಎಂಸಿಯ ಜಲಾಶಯ ಹೂಳು ತುಂಬಿ 105.788 ಟಿಎಂಸಿಗೆ ಇಳಿಯಿತು.

ಇಲ್ಲಿ ಕಾಲುವೆಯ ಸ್ವಭಾವ ಸ್ವಲ್ಪ ತಿಳಿಯಬೇಕು. ಮುಖ್ಯ ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಡಬೇಕು ಅಂತ ಐಸಿಸಿ ತೀರ್ಮಾನಿಸುತ್ತದೆ. ಆ ನೀರು ಕೊನೆ ಮುಟ್ಟಲು ದಿನಗಳೇ ಬೇಕು. ನಡುವೆ ಒಂದೊಂದು ಗೇಟೂ ತನ್ನ ಮುಂದೆ ನಿಂತ ನೀರಿನ ಮಟ್ಟ ಮಾತ್ರ ನೋಡುತ್ತದೆ. ಮೇಲಿನವರು ಇಷ್ಟಿಷ್ಟೇ ಜಾಸ್ತಿ ಎತ್ತಿದರೂ ಆ ಕೊರತೆಯೆಲ್ಲ ಕೂಡಿ ಕೊನೆಯವರ ಪಾಲಿಗೆ. ಮಳೆ ಬಂದು ಮೇಲಿನವರೆಲ್ಲ ತೂಬು ಮುಚ್ಚಿದರೆ ಬೇಡದ ನೀರೂ ಕೊನೆಯವರ ಹೊಲಕ್ಕೇ. ನಾಟಿ ಮಾಡಿ ಕೂತ ಗಂಗಾವತಿಯ ರೈತನನ್ನು ಬೈದು ಏನು ಬಂತು? ಅವನ ತೂಬಿನಿಂದ 150 ಕಿ.ಮೀ. ಆಚೆ ಏನಾಗುತ್ತಿದೆ ಅಂತ ಅವನಿಗೆ ಕಾಣುವುದೇ ಇಲ್ಲ.

ಇದೇ ತೊಡಕು ಕಾರ್ಖಾನೆಗಳಲ್ಲೂ ಇತ್ತು. 1975ರಲ್ಲಿ ಹನಿವೆಲ್ ಮತ್ತು ಯೊಕೊಗಾವಾ ಕಂಪನಿಗಳು ಹಂಚಿಕೆ ನಿಯಂತ್ರಣದ ಯಂತ್ರಗಳನ್ನು ಮಾರುಕಟ್ಟೆಗೆ ತಂದವು. ಒಂದೇ ದೊಡ್ಡ ಕಂಪ್ಯೂಟರಿನ ಬದಲು ಬಾಯ್ಲರಿಗೊಂದು, ಟರ್ಬೈನಿಗೊಂದು ಪುಟ್ಟ ನಿಯಂತ್ರಕ. ಒಂದು ಕೆಟ್ಟರೂ ಉಳಿದವು ನಡೆಯಬೇಕು. ಆದರೆ ಅವು ಒಂದಕ್ಕೊಂದು ಕಣ್ಣು ಮುಚ್ಚಿ ಕೂರುವುದಿಲ್ಲ. ಎಲ್ಲರ ಲೆಕ್ಕವೂ ಒಂದೇ ತಂತಿಯಲ್ಲಿ ಹರಿದಾಡುತ್ತದೆ, ಪಕ್ಕದವನ ಅಂಕಿ ಇವನಿಗೂ ಸಿಗುತ್ತದೆ. ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಮಾಹಿತಿಯನ್ನೂ.

ನಮ್ಮ ಕಾಲುವೆಯಲ್ಲಿ ಅಧಿಕಾರ ಹಂಚುವ ಮಾತು ಕಾನೂನಾಗಿ ಬಂದದ್ದು 2000ದಲ್ಲಿ. ಅದೇ ವರ್ಷ ಕರ್ನಾಟಕ ನೀರಾವರಿ ಕಾಯ್ದೆ ತಿದ್ದುಪಡಿಯಾಯಿತು. ನೀರು ಬಳಕೆದಾರರ ಸಹಕಾರ ಸಂಘಗಳು ಹುಟ್ಟಿದವು. ಸಂಘ ನೀರನ್ನು ಅಳತೆಯ ಲೆಕ್ಕದಲ್ಲಿ ಸಗಟಾಗಿ ಪಡೆಯಬೇಕು, ರೈತರಿಗೆ ಹಂಚಬೇಕು, ಕರ ವಸೂಲಿ ಮಾಡಬೇಕು, ಹೂಳು ತೆಗೆಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಯಾವುದಿತ್ತು, ಹೇಳಿ. ನಾನೂ ಆಗ ತುಂಬಾ ಖುಷಿಪಟ್ಟಿದ್ದೆ.

ಕೆಲವು ವರ್ಷದ ನಂತರ ಮಾನ್ವಿ ಕಡೆಯ ಒಂದು ಉಪಕಾಲುವೆಗೆ ಹೋಗಿದ್ದೆ. ಸಂಘಕ್ಕೆ ಕಟ್ಟಡ ಇತ್ತು, ರಬ್ಬರ್ ಸ್ಟಾಂಪ್ ಇತ್ತು, ರಸೀದಿ ಪುಸ್ತಕ ಇತ್ತು. ಉಪಕಾಲುವೆಯ ತಲೆಯಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಪಟ್ಟಿಯ ಬಣ್ಣ ಮಾತ್ರ ಸಿಪ್ಪೆಯೆದ್ದು ಹೋಗಿತ್ತು. ಎರಡು ಅಡಿಯ ಕೆಳಗೆ ಒಂದು ಅಂಕಿಯೂ ಓದಲು ಬರುತ್ತಿರಲಿಲ್ಲ. ರಾತ್ರಿ ಇಬ್ಬರು ರೈತರು ಬ್ಯಾಟರಿ ಹಿಡಿದು, ಜಾಲಿ ಕೋಲು ನೀರಿಗೆ ಇಳಿಸಿ, ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆಯುತ್ತಿದ್ದರು. "ಎಷ್ಟು ಬರ್ತದ ಅಂತ ಮೊದಲೇ ಗೊತ್ತಾದ್ರ ಹಂಚಬಹುದು ನೋಡ್ರಿ ಸರ. ಗೊತ್ತೇ ಇಲ್ಲದ್ದು ಹ್ಯಾಂಗ ಹಂಚೂದು?" ಅಂದರು ಅವರಲ್ಲಿ ಹಿರಿಯರು. ಗೇಟಿನ ಚಕ್ರ ತಿರುಗಿಸುವ ಗ್ಯಾಂಗ್‌ಮನ್‌ಗೂ ಫೋನಿನಲ್ಲಿ ಬಂದ ಮಾತೇ ಆಧಾರ. ಎಷ್ಟು ಸುತ್ತು ತಿರುಗಿಸಬೇಕು ಅಂತ ಹೇಳುತ್ತಿದ್ದರು, ಯಾಕೆ ಅಂತ ಹೇಳುತ್ತಿರಲಿಲ್ಲ. ಜವಾಬ್ದಾರಿ ಕೆಳಗೆ ಬಂದಿತ್ತು, ಲೆಕ್ಕ ಮೇಲೆಯೇ ಉಳಿದಿತ್ತು. ಮುಂದೆ ಹಲವು ಸಂಘಗಳು ಹೆಸರಿಗಷ್ಟೇ ಉಳಿದಾಗ ರೈತರಿಗೆ ಆಸಕ್ತಿ ಇಲ್ಲ ಅಂದುಬಿಟ್ಟರು. ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಹೋಯಿತು. ಒಂದು ಕೆಟ್ಟರೂ ಉಳಿದವು ನಡೆಯಬೇಕು ಅನ್ನುವ ಕಾರ್ಖಾನೆಯ ಪಾಠ ಇಲ್ಲೂ ಕಂಡಿತು. 33 ಗೇಟಿಗೂ ಬೇರೆ ಬೇರೆ ಚೈನ್ ಇದ್ದುದರಿಂದ ಉಳಿದ 32 ನಿಂತವು. ಅವನ್ನು ತೆರೆದು ಒತ್ತಡ ಇಳಿಸಲಾಯಿತು, ವಾರದೊಳಗೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಉಕ್ಕಿನ ತಡೆ ಕೂರಿಸಲಾಯಿತು. ಆಮೇಲೆ ಎಲ್ಲ ಗೇಟು ಬದಲಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯಿತು.

ಪಕ್ಕದ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಸ್ಕಾಡಾ ಇದೆ. ಗೇಟುಗಳನ್ನು ದೂರದಿಂದಲೇ ಎತ್ತಿಳಿಸಬಹುದು, ನೀರಿನ ಅಳತೆ ಪರದೆಯ ಮೇಲೆ ಬರುತ್ತದೆ. ಇಲ್ಲಿಗೂ ಅದು ಬರಲಿ ಅನ್ನುವ ಬೇಡಿಕೆ ಸರಿಯಾದದ್ದೇ. ಆದರೆ ಆ ಪರದೆ ಬರೀ ಕಚೇರಿಯಲ್ಲಿ ಇರಬಾರದು. ಸಂಘದ ಗೋಡೆಯ ಮೇಲೂ ಇರಬೇಕು, ಕೊನೆ ತೂಬಿನ ರೈತನ ಫೋನಿಗೂ ಬರಬೇಕು. ಅದಾಗುವ ತನಕ, ಕಾಲುವೆ ಒಣಗಿದ ದಿನಗಳಲ್ಲಿ ಪ್ರತಿ ಉಪಕಾಲುವೆಯ ತಲೆಯ ಗೇಜ್ ಪಟ್ಟಿಗೆ ಬಣ್ಣ ಬಳಿಸಿ, ಅಂಕಿ ಬರೆಸಬಹುದು. ದಿನಾ ಬೆಳಿಗ್ಗೆ ಆ ಅಂಕಿಯನ್ನು ಮೇಲಿನ ಊರಿಗೂ ಕೆಳಗಿನ ಊರಿಗೂ ತಿಳಿಸಬಹುದು.