ಚಿತ್ರದ ಮುಂದೆ ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು?

"ಕಲಾವಿದರೊಂದಿಗೆ ಮಾತುಕತೆ" ಅಂತ ಪೋಸ್ಟರ್ ಹಾಕಿರುತ್ತಾರೆ. ಆಸೆಯಿಂದ ಹೋಗಿ ಕೂರುತ್ತೇವೆ. ದೀಪ ಆರಿಸುತ್ತಾರೆ, ಸ್ಲೈಡ್ ಶುರುವಾಗುತ್ತದೆ, ಮುಕ್ಕಾಲು ಗಂಟೆ ಕಲಾವಿದರೊಬ್ಬರೇ ಮಾತಾಡುತ್ತಾರೆ. ಆಮೇಲೆ ದೀಪ ಹಾಕಿ "ಸಮಯ ಆಗಿಹೋಯ್ತು, ಎರಡೇ ಎರಡು ಪ್ರಶ್ನೆ" ಅನ್ನುತ್ತಾರೆ. ಮೊದಲ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಇನ್ನೊಬ್ಬ ಕಲಾವಿದರೇ ಆಗಿರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರು, ಇಂಥ ಕಡೆ ಮೊದಲ ಸಲ ಬಂದವರು, ಧೈರ್ಯ ಮಾಡಿ ಕೈ ಎತ್ತುವಷ್ಟರಲ್ಲಿ ಕುರ್ಚಿ ಎತ್ತಿಡುವ ಸದ್ದು ಕೇಳಿಸುತ್ತಿರುತ್ತದೆ. ನಾನು ಇಂಥ ಎಷ್ಟೋ ಕಾರ್ಯಕ್ರಮಗಳಿಗೆ ಹೋಗಿದ್ದೇನೆ. ಈಗಲೂ ಹೋಗುತ್ತೇನೆ. ಆದರೆ ಪ್ರತಿ ಸಲ ಮನೆಗೆ ಬರುವಾಗ ಒಂದೇ ಯೋಚನೆ ಕಾಡುತ್ತದೆ. ಮಾತೆಲ್ಲ ಒಂದೇ ಕಡೆಯಿಂದ ಬಂತಲ್ವಾ? ಇದು ಹೀಗೆಯೇ ಇರಬೇಕು ಅಂತ ತೀರ್ಮಾನ ಮಾಡಿದ್ದು ಯಾರು?

ಈ ಪದ್ಧತಿಯ ಬೇರು ಹುಡುಕುತ್ತಾ ಹೋದರೆ 250 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಲಂಡನ್ನಿನ ರಾಯಲ್ ಅಕಾಡೆಮಿ ಹುಟ್ಟಿದ್ದು 1768ರಲ್ಲಿ. ಅದರ ಮೊದಲ ಅಧ್ಯಕ್ಷ ಜೋಷುವಾ ರೆನಾಲ್ಡ್ಸ್ 1769ರಿಂದ 1790ರವರೆಗೆ ಅಲ್ಲಿ 15 ಉಪನ್ಯಾಸ ಕೊಟ್ಟರು. ಎದುರಿಗೆ ಕೂತವರು ಅಕಾಡೆಮಿಯ ವಿದ್ಯಾರ್ಥಿಗಳು ಮತ್ತು ಸದಸ್ಯರು. ಹೇಗೆ ಚಿತ್ರ ಬರೆಯಬೇಕು, ಯಾರನ್ನು ನೋಡಿ ಕಲಿಯಬೇಕು ಅಂತ ಗುರುಗಳು ಹೇಳಿದರು, ಉಳಿದವರು ಕೇಳಿದರು. ಕಲಿಯಲು ಬಂದವರಿಗೆ ಅದು ಸರಿಯಾದ ಕ್ರಮವೇ. ಆದರೆ ಚಿತ್ರ ನೋಡಲು ಸುಮ್ನೆ ಬಂದ ಸಾಮಾನ್ಯ ಜನರಿಗೂ ಅದೇ ಅಚ್ಚು ಉಳಿದುಕೊಂಡಿತು ಅನ್ನುವುದು ನನ್ನ ತಕರಾರು.

ಹಾಗಂತ ನೋಡುಗರು ಬಾಯಿ ಮುಚ್ಚಿಕೊಂಡು ಇದ್ದರು ಅಂತಲ್ಲ. ಪ್ಯಾರಿಸ್ಸಿನಲ್ಲಿ 1737ರಿಂದ ಲೂವ್ರ್ ಅರಮನೆಯ ದೊಡ್ಡ ಕೋಣೆಯಲ್ಲಿ 'ಸಲೋನ್' ಅನ್ನುವ ಪ್ರದರ್ಶನ ತಪ್ಪದೆ ನಡೆಯತೊಡಗಿತು. ಗೋಡೆಯ ಮೇಲೆ ಸೂರಿನವರೆಗೂ ಚಿತ್ರಗಳು. ಒಳಗೆ ಬರಲು ಯಾರಿಗೂ ಅಡ್ಡಿ ಇರಲಿಲ್ಲ. ಶ್ರೀಮಂತರ ಪಕ್ಕದಲ್ಲೇ ಅಂಗಡಿಯವರು, ಕೂಲಿಯವರು ನಿಂತು ನೋಡಿದರು, ತಮಗೆ ಅನಿಸಿದ್ದನ್ನು ಜೋರಾಗಿ ಹೇಳಿದರು. 1747ರಲ್ಲಿ ಲಾ ಫಾಂ ದ ಸೇಂಟ್ ಯೆನ್ ಎಂಬಾತ ಈ ಚಿತ್ರಗಳ ಬಗ್ಗೆ ತನ್ನ ಅಭಿಪ್ರಾಯವನ್ನು ಅಚ್ಚು ಹಾಕಿಸಿಯೇ ಬಿಟ್ಟ. ಕಲಾವಿದನಲ್ಲದವನು ಕಲೆಯ ಬಗ್ಗೆ ತೀರ್ಪು ಕೊಡುವುದು ಹೇಗೆ ಅಂತ ಪ್ಯಾರಿಸ್ಸಿನ ಕಲಾ ಅಕಾಡೆಮಿಯವರಿಗೆ ಸಿಟ್ಟು ಬಂತು. 1759ರಿಂದ ಲೇಖಕ ದೆನಿ ದಿದರೋ ಈ ಪ್ರದರ್ಶನಗಳ ಬಗ್ಗೆ ಬರೆಯಲು ಶುರು ಮಾಡಿದ. ಕಲಾ ವಿಮರ್ಶೆ ಬೆಳೆದದ್ದೇ ಇಂಥ ಮಾತುಗಳಿಂದ. ಅಂದರೆ ನೋಡುವವರು ಮಾತಾಡಿದ್ದು ಇವತ್ತು ನಿನ್ನೆಯ ವಿಷಯವೇನಲ್ಲ. ಅವರ ಮಾತಿಗೆ ಕಾರ್ಯಕ್ರಮದ ಒಳಗೆ ಜಾಗ ಇರಲಿಲ್ಲ, ಅಷ್ಟೇ.

ಜಾಗ ಕೊಡುವ ಒಂದು ಪ್ರಯತ್ನ ನಡೆದದ್ದು ಲಂಡನ್ನಿನ ಬಡ ಬಡಾವಣೆ ವೈಟ್‌ಚಾಪಲ್‌ನಲ್ಲಿ. ಅಲ್ಲಿನ ಪಾದ್ರಿ ಸ್ಯಾಮುಯಲ್ ಬಾರ್ನೆಟ್ ಮತ್ತು ಅವರ ಹೆಂಡತಿ ಹೆನ್ರಿಯೆಟಾ 1881ರಲ್ಲಿ ಚರ್ಚಿನ ಶಾಲೆಯ ಕೋಣೆಗಳಲ್ಲೇ ಚಿತ್ರಪ್ರದರ್ಶನ ಇಟ್ಟರು. ಚಿತ್ರಗಳನ್ನು ಎರವಲು ತಂದಿದ್ದರು. ವಾರವೆಲ್ಲ ದುಡಿಯುವವರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ ಅಂತ ಭಾನುವಾರವೂ ಬಾಗಿಲು ತೆರೆದರು, ಅದಕ್ಕೆ ಬೈಸಿಕೊಂಡರು. ಬಂದವರಿಗೆ ಚಿತ್ರಗಳನ್ನು ವಿವರಿಸಿ ಹೇಳಲು ಜನ ಇದ್ದರು. ಒಳ್ಳೆಯ ಕಲೆ ನೋಡಿದರೆ ಬಡವರ ಬದುಕು ಸುಧಾರಿಸುತ್ತದೆ ಅನ್ನುವ ನಂಬಿಕೆ ಬಾರ್ನೆಟ್ ದಂಪತಿಯದು. ಅದರಲ್ಲಿ ಸ್ವಲ್ಪ ಮೇಲಿನಿಂದ ಕೆಳಕ್ಕೆ ನೋಡುವ ದೃಷ್ಟಿ ಇತ್ತು, ಒಪ್ಪುತ್ತೇನೆ. ಆದರೂ ಜನರನ್ನು ಕಲೆಯ ಕಡೆಗೆ ಕರೆಯುವ ಬದಲು ಕಲೆಯನ್ನೇ ಜನರಿರುವ ಕಡೆಗೆ ಹೊತ್ತು ತಂದರಲ್ಲ, ಅದು ಸಣ್ಣ ಕೆಲಸವಲ್ಲ. ಅದೇ ಪ್ರದರ್ಶನಗಳಿಂದ 1901ರಲ್ಲಿ ವೈಟ್‌ಚಾಪಲ್ ಗ್ಯಾಲರಿ ಹುಟ್ಟಿತು. 1939ರ ಜನವರಿಯಲ್ಲಿ ಪಿಕಾಸೋನ 'ಗೆರ್ನಿಕಾ' ಅಲ್ಲಿಗೆ ಬಂದಾಗ ನೋಡಲು ಬಂದವರಿಂದ ಸ್ಪೇನಿನ ಅಂತರ್ಯುದ್ಧದ ಹೋರಾಟಗಾರರಿಗಾಗಿ ಒಂದು ಜೊತೆ ಬೂಟು ಕೇಳಿದ್ದರು. ಆ ದೊಡ್ಡ ಚಿತ್ರದ ಬುಡದಲ್ಲಿ ಬೂಟುಗಳ ಸಾಲು. ಬಾಂಬಿಗೆ ತುತ್ತಾದ ಊರಿನ ಚಿತ್ರಕ್ಕೆ ಜನ ಕೊಟ್ಟ ಉತ್ತರ ಅದು, ಒಂದು ಮಾತೂ ಇಲ್ಲದೆ.

ಮ್ಯೂಸಿಯಂಗಳಲ್ಲಿ ಚಿತ್ರದ ಮುಂದೆ ನಿಂತು ವಿವರಿಸುವ ಮಾರ್ಗದರ್ಶಕರನ್ನು 'ಡೋಸೆಂಟ್' ಅಂತ ಕರೆಯುವ ರೂಢಿ 1907ರಲ್ಲಿ ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಬಂತು. ಆ ಹೆಸರಿನ ಮೂಲವೇ ಕಲಿಸು ಅನ್ನುವ ಲ್ಯಾಟಿನ್ ಪದ. ಇಲ್ಲೂ ಪಾಠವೇ.

ದೊಡ್ಡ ಬದಲಾವಣೆ ಬಂದದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ. ಕೆಲಸವಿಲ್ಲದೆ ಕೂತಿದ್ದ ಕಲಾವಿದರಿಗೆ ಸಂಬಳ ಕೊಡಲು ಅಮೆರಿಕ ಸರ್ಕಾರ 1935ರಲ್ಲಿ ಫೆಡರಲ್ ಆರ್ಟ್ ಪ್ರಾಜೆಕ್ಟ್ ಶುರು ಮಾಡಿತು. ಅದರಡಿ ಸುಮಾರು 100 ಸಮುದಾಯ ಕಲಾ ಕೇಂದ್ರಗಳು ತೆರೆದವು. 1937ರಲ್ಲಿ ತೆರೆದ ನ್ಯೂಯಾರ್ಕಿನ ಹಾರ್ಲೆಮ್ ಕೇಂದ್ರದ ಮೊದಲ ನಿರ್ದೇಶಕಿ ಶಿಲ್ಪಿ ಅಗಸ್ಟಾ ಸ್ಯಾವೇಜ್. ಷಿಕಾಗೋದ ಸೌತ್ ಸೈಡ್ ಕೇಂದ್ರಕ್ಕೆ ಕಟ್ಟಡ ಬೇಕಾದಾಗ ಯುವ ಕಲಾವಿದೆ ಮಾರ್ಗರೆಟ್ ಬರೋಸ್ ಬೀದಿ ಬದಿಯಲ್ಲಿ ಡಬ್ಬಿ ಹಿಡಿದು ನಿಂತು ಚಿಲ್ಲರೆ ಕಾಸು ಕೂಡಿಸಿದರು. ಅದು ಇವತ್ತಿಗೂ ನಡೆಯುತ್ತಿದೆ. ಯೋಚಿಸಿ ನೋಡಿ. ಸರ್ಕಾರದ ಯೋಜನೆ 1943ರಲ್ಲೇ ಮುಗಿಯಿತು. ಅಕ್ಕಪಕ್ಕದವರ ಚಿಲ್ಲರೆ ಕಾಸಿನ ಮೇಲೆ ನಿಂತದ್ದು ಉಳಿಯಿತು. ಇಲ್ಲಿ ಕಲಾವಿದರು ಅತಿಥಿಗಳಲ್ಲ, ಅದೇ ಬೀದಿಯವರು. ಅವರ ಭಾಷಣ ಕೇಳಲು ಪೋಸ್ಟರ್ ಬೇಕಾಗಿರಲಿಲ್ಲ, ಪಕ್ಕದ ಬೆಂಚಿನಲ್ಲೇ ಕೂತು ಕೆಲಸ ಮಾಡುತ್ತಿರುತ್ತಿದ್ದರು.

ಅದೇ ದೇಶದಲ್ಲಿ 1949ರಲ್ಲಿ ನ್ಯೂಯಾರ್ಕ್ ಕಲಾವಿದರು 'ದಿ ಕ್ಲಬ್' ಅಂತ ಒಂದು ಕೂಟ ಕಟ್ಟಿಕೊಂಡರು. ಶುಕ್ರವಾರ ರಾತ್ರಿ ಚರ್ಚೆ, ವಾದ, ಜಗಳ. ಕಲಾವಿದರ ಜೊತೆ ಕಲಾವಿದರು. ಇವತ್ತು ನಾವು ನೋಡುವ ವೇದಿಕೆ ಚರ್ಚೆಗಳಿಗೆ ಆ ಕೂಟದ ಜಾಡು ಇದೆ ಅಂತ ನನಗನಿಸುತ್ತದೆ. ಅಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿತ್ತು. ಅದನ್ನೇ ಎತ್ತಿಕೊಂಡು ಬಂದು ಹೊರಗಿನವರ ಮುಂದೆ ಇಟ್ಟರೆ ಅವರು ಮೂಕರಾಗುತ್ತಾರೆ.

ಮಾತು ಬೀದಿಗೆ ಇಳಿದದ್ದು 1960ರ ದಶಕದ ಕೊನೆಯಲ್ಲಿ. 1967ರಲ್ಲಿ ಷಿಕಾಗೋದ ಕಪ್ಪು ಕಲಾವಿದರು ಒಂದು ಹಳೆಯ ಕಟ್ಟಡದ ಗೋಡೆಯ ಮೇಲೆ ತಮ್ಮ ಜನರ ನಾಯಕರು, ಸಂಗೀತಗಾರರು, ಆಟಗಾರರ ಚಿತ್ರ ಬರೆದು ಅದನ್ನು 'ಗೌರವದ ಗೋಡೆ' ಅಂದರು. ಅದರ ಮುಂದೆ ಕವಿತೆ ಓದಿದರು, ಸಂಗೀತ ನುಡಿಸಿದರು. ಲಾಸ್ ಏಂಜಲಿಸ್‌ನಲ್ಲಿ ಜೂಡಿ ಬಾಕಾ 1976ರಿಂದ ಹಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಸೇರಿಸಿ ನೆರೆ ನೀರಿನ ಕಾಲುವೆಯ ಗೋಡೆಯ ಮೇಲೆ ಸುಮಾರು 840 ಮೀಟರ್ ಉದ್ದದ ಚಿತ್ರ ಬರೆಸಿದರು. ಪಠ್ಯಪುಸ್ತಕದಲ್ಲಿ ಜಾಗ ಸಿಗದವರ ಇತಿಹಾಸ ಅದರಲ್ಲಿದೆ. ಕುಂಚ ಹಿಡಿಯುವ ಮೊದಲು ಇತಿಹಾಸಕಾರರನ್ನು ಕರೆಸಿ ಆ ಮಕ್ಕಳ ಜೊತೆ ಮಾತಾಡಿಸುತ್ತಿದ್ದರು. ಇಲ್ಲಿ ಮಾತುಕತೆ ಕೆಲಸ ಮುಗಿದ ಮೇಲಿನ ವಿವರಣೆಯಲ್ಲ, ಕೆಲಸದ ಮೊದಲ ಹೆಜ್ಜೆ.

ಈ ವ್ಯತ್ಯಾಸ ಎಷ್ಟು ಮುಖ್ಯ ಅಂತ ತಿಳಿಯಲು ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಒಂದು, ರಿಚರ್ಡ್ ಸೆರಾ ಎಂಬ ಶಿಲ್ಪಿಯದು. 1981ರಲ್ಲಿ ನ್ಯೂಯಾರ್ಕಿನ ಒಂದು ಸರ್ಕಾರಿ ಕಚೇರಿಯ ಮುಂದಿನ ಬಯಲಿನಲ್ಲಿ ಅವರ ಶಿಲ್ಪ ನಿಂತಿತು. 36 ಮೀಟರಿಗೂ ಹೆಚ್ಚು ಉದ್ದದ, ಮೂರೂವರೆ ಮೀಟರಿಗೂ ಹೆಚ್ಚು ಎತ್ತರದ, ಸ್ವಲ್ಪ ವಾಲಿದ ಉಕ್ಕಿನ ಗೋಡೆ. ದಿನಾ ಆ ಬಯಲು ದಾಟಿ ಕೆಲಸಕ್ಕೆ ಹೋಗುವವರಿಗೆ ಅದು ದಾರಿಗೆ ಅಡ್ಡ ನಿಂತ ಹಾಗೆ ಕಂಡಿತು. ತೆಗೆಯಿರಿ ಅಂತ ಅರ್ಜಿಗಳು ಬಂದವು. 1985ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. 180 ಜನ ಮಾತಾಡಿದರು. ಇರಲಿ ಅಂದವರು 122, ತೆಗೆಯಿರಿ ಅಂದವರು 58. ಆದರೂ 1989ರಲ್ಲಿ ಅದನ್ನು ಕತ್ತರಿಸಿ ಸಾಗಿಸಿದರು. ಕಲಾವಿದನ ಪರ ನಿಂತವರಲ್ಲಿ ಕಲಾ ಲೋಕದವರು ಬಹಳ ಇದ್ದರು. ಅಲ್ಲೇ ದಿನಾ ಓಡಾಡುವವರ ಜೊತೆ ಮೊದಲ ದೊಡ್ಡ ಮಾತುಕತೆ ನಡೆದದ್ದು ಶಿಲ್ಪ ನಿಂತ ನಾಲ್ಕು ವರ್ಷದ ಮೇಲೆ, ಅದೂ ವಿಚಾರಣೆಯ ಕೋಣೆಯಲ್ಲಿ. ಅಷ್ಟರಲ್ಲಿ ಎರಡೂ ಕಡೆ ಮನಸ್ಸು ಮುರಿದಿತ್ತು. ಶಿಲ್ಪ ಕತ್ತರಿಸಿದ್ದು ತಪ್ಪು ಅಂತಲೇ ನಾನು ನಂಬಿದ್ದೇನೆ, ಆದರೆ ತಪ್ಪು ಶುರುವಾದದ್ದು 1989ರಲ್ಲಿ ಅಲ್ಲ.

ಇನ್ನೊಂದು, ಕ್ರಿಸ್ಟೋ ಮತ್ತು ಜೀನ್ ಕ್ಲಾಡ್ ದಂಪತಿಯದು. ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಸುಮಾರು 39 ಕಿಲೋಮೀಟರ್ ಉದ್ದದ ಬಿಳಿ ಬಟ್ಟೆಯ ಬೇಲಿ ಎಳೆಯಬೇಕು ಅನ್ನುವುದು ಅವರ ಕನಸು. ಆ ದಾರಿಯಲ್ಲಿ 59 ದನದ ಸಾಕಣೆದಾರರ ಜಮೀನು ಇತ್ತು. ಒಬ್ಬೊಬ್ಬರ ಮನೆಗೂ ಹೋದರು, ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತಾಡಿದರು, ಒಪ್ಪಿಸಿದರು. 18 ಸಾರ್ವಜನಿಕ ವಿಚಾರಣೆಗಳಾದವು. ಕೋರ್ಟಿಗೂ ಅಲೆದರು. ಇದೆಲ್ಲ ಮುಗಿಯಲು ಮೂರೂವರೆ ವರ್ಷ ಬೇಕಾಯಿತು. 1976ರ ಸೆಪ್ಟೆಂಬರಿನಲ್ಲಿ ಬೇಲಿ ಎದ್ದು ನಿಂತಿತು, 14 ದಿನ ಇತ್ತು, ಆಮೇಲೆ ಬಿಚ್ಚಿದರು. ಆ ಮಾತುಕತೆ, ವಾದ, ವಿರೋಧ ಎಲ್ಲವೂ ಕೃತಿಯ ಭಾಗವೇ ಅಂತ ಅವರು ಹೇಳುತ್ತಿದ್ದರು. 14 ದಿನದ ಬಟ್ಟೆಗೆ ಮೂರೂವರೆ ವರ್ಷದ ಮಾತು! ಅದರ ವಿರುದ್ಧ ಮಾತಾಡಿದವರೂ ಆ ಕೃತಿಯ ಒಳಗೇ ಇದ್ದರು.

ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದವರು ಕಲಾವಿದೆ ಮೀರ್ಲ್ ಲೇಡರ್‌ಮನ್ ಯೂಕಲೀಸ್. ಈ ಇಡೀ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇವರ ಕೆಲಸ. ತಾಯಿಯಾದ ಮೇಲೆ ದಿನವೆಲ್ಲ ತೊಳೆಯುವುದು, ಒರೆಸುವುದರಲ್ಲೇ ಕಳೆಯುತ್ತಿದ್ದಾಗ, ಇದೂ ಕಲೆಯೇ ಅಂತ 1969ರಲ್ಲಿ ಬರೆದು ಸಾರಿದರು. 1979ರಲ್ಲಿ ನ್ಯೂಯಾರ್ಕ್ ನಗರದ ಕಸ ಎತ್ತುವ 8,500 ಕಾರ್ಮಿಕರನ್ನು ಭೇಟಿಯಾಗಲು ಹೊರಟರು. ಸುಮಾರು 11 ತಿಂಗಳು ನಗರದ ಎಲ್ಲ ಭಾಗಗಳಿಗೆ ಹೋಗಿ, ಪ್ರತಿಯೊಬ್ಬರ ಕೈ ಕುಲುಕಿ, ಈ ನಗರವನ್ನು ಜೀವಂತ ಇಟ್ಟಿದ್ದಕ್ಕೆ ಥ್ಯಾಂಕ್ಸ್ ಅಂದರು. ಜನ ತಮ್ಮನ್ನು ಹೇಗೆ ನೋಡುತ್ತಾರೆ, ಏನಂತ ಕರೆಯುತ್ತಾರೆ ಅಂತ ಆ ಕಾರ್ಮಿಕರು ಹೇಳಿದ್ದನ್ನು ಕೇಳಿಸಿಕೊಂಡರು. ಸ್ಲೈಡ್ ಇಲ್ಲ, ವೇದಿಕೆ ಇಲ್ಲ, ಮೈಕು ಇಲ್ಲ. ಕಲಾವಿದೆಯ ಕೆಲಸವೇ ಕೇಳಿಸಿಕೊಳ್ಳುವುದು. ರೆನಾಲ್ಡ್ಸ್ ನಿಂತಿದ್ದ ಜಾಗದಿಂದ ಇಲ್ಲಿಗೆ ಎಷ್ಟು ದೂರ ಬಂದೆವು ನೋಡಿ.

ಅದೇ ದಾರಿಯಲ್ಲಿ ಸೂಜನ್ ಲೇಸಿ 1987ರಲ್ಲಿ ಮಿನಿಯಾಪೊಲಿಸ್‌ನಲ್ಲಿ 60 ದಾಟಿದ 430 ಹೆಂಗಸರನ್ನು ಮೇಜುಗಳ ಸುತ್ತ ಕೂರಿಸಿ, ಅವರು ತಮ್ಮತಮ್ಮಲ್ಲಿ ಮಾತಾಡುವುದನ್ನೇ ಕೃತಿ ಮಾಡಿದರು. ಹೂಸ್ಟನ್ನಿನ ರಿಕ್ ಲೋ ಅವರ ಸ್ಟುಡಿಯೋಗೆ ಒಮ್ಮೆ ಶಾಲಾ ಮಕ್ಕಳು ಬಂದಿದ್ದರಂತೆ. ನಮ್ಮ ಬಡಾವಣೆಯ ಕಷ್ಟಗಳು ನಮಗೆ ಗೊತ್ತೇ ಇವೆ, ನಿಮ್ಮ ಚಿತ್ರ ಅದನ್ನೇ ತೋರಿಸಿದರೆ ಏನು ಬಂತು, ಕಲಾವಿದರು ಅಂದಮೇಲೆ ಒಂದು ಪರಿಹಾರ ಸೃಷ್ಟಿಸಬಾರದೇ ಅಂತ ಒಬ್ಬ ಹುಡುಗ ಕೇಳಿದ. ಆ ಪ್ರಶ್ನೆಯನ್ನು ಲೋ ಮರೆಯಲಿಲ್ಲ. 1993ರಲ್ಲಿ ಬೇರೆ ಕಲಾವಿದರ ಜೊತೆ ಸೇರಿ, ಪಾಳು ಬಿದ್ದಿದ್ದ 22 ಪುಟ್ಟ ಮನೆಗಳನ್ನು ಹಿಡಿದು ರಿಪೇರಿ ಮಾಡಲು ಇಳಿದರು. ಕೆಲವು ಮನೆ ಕಲಾವಿದರಿಗೆ, ಕೆಲವು ಮಕ್ಕಳಿರುವ ಒಂಟಿ ತಾಯಂದಿರಿಗೆ. ಒಬ್ಬ ಶಾಲಾ ಹುಡುಗನ ಒಂದು ಪ್ರಶ್ನೆ, ಕೇಳಿಸಿಕೊಂಡ ಒಬ್ಬ ಕಲಾವಿದ. ಅವತ್ತು "ಸಮಯ ಆಗಿಹೋಯ್ತು" ಅಂತ ಯಾರಾದರೂ ಅಂದಿದ್ದರೆ?

ಇದಕ್ಕೆ ವಿರೋಧವೂ ಇದೆ, ಅದರಲ್ಲಿ ತಿರುಳಿದೆ. ಜನರನ್ನು ಸೇರಿಸಿದ ಮಾತ್ರಕ್ಕೆ, ಉದ್ದೇಶ ಒಳ್ಳೆಯದಾಗಿದ್ದ ಮಾತ್ರಕ್ಕೆ ಕಲೆ ಒಳ್ಳೆಯದಾಗುವುದಿಲ್ಲ, ಕಲೆಯಾಗಿಯೂ ಅದನ್ನು ಅಳೆಯಬೇಕು ಅಂತ ವಿಮರ್ಶಕಿ ಕ್ಲೇರ್ ಬಿಷಪ್ 2006ರಲ್ಲಿ ವಾದಿಸಿದರು. ನನಗೂ ಅದು ಸರಿ ಅನಿಸುತ್ತದೆ. ಗೋಡೆಗೆ ಎಲ್ಲರೂ ಸೇರಿ ಬಣ್ಣ ಬಳಿದು ಫೋಟೋ ತೆಗೆಸಿಕೊಂಡು ಹೋದರೆ ಅದು ಮಾತುಕತೆಯೂ ಅಲ್ಲ, ಕಲೆಯೂ ಅಲ್ಲ. ಆದರೆ ಬಾಕಾ ಅವರ ಗೋಡೆಯಾಗಲಿ ಕ್ರಿಸ್ಟೋ ಅವರ ಬೇಲಿಯಾಗಲಿ ಕಣ್ಣಿಗೂ ಗಟ್ಟಿಯಾದ ಕೆಲಸಗಳೇ. ಜನರ ಮಾತು ಕೇಳಿದರೆ ಕೃತಿ ಸಪ್ಪೆಯಾಗುತ್ತದೆ ಅನ್ನುವ ಭಯಕ್ಕೆ ಅವೇ ಉತ್ತರ.

ಭಾಷಣವನ್ನು ಕಡಿಮೆ ಮಾಡುವ ಉಪಾಯಗಳೂ ಬಂದಿವೆ. 2003ರಲ್ಲಿ ಟೋಕಿಯೋದಲ್ಲಿ ಇಬ್ಬರು ವಾಸ್ತುಶಿಲ್ಪಿಗಳು 'ಪೆಚಾ ಕುಚಾ' ಅನ್ನುವ ಕ್ರಮ ತಂದರು. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಬೇಕು. ಅದು ಬಹಳ ನಗರಗಳಿಗೆ ಹಬ್ಬಿತು. ಉಳಿದ ಹೊತ್ತು ಜನರಿಗೆ ಸಿಕ್ಕರೆ ಒಳ್ಳೆಯದೇ, ಆದರೆ ಹೆಚ್ಚಿನ ಕಡೆ ಆ ಹೊತ್ತು ಮುಂದಿನ ಭಾಷಣಕ್ಕೆ ಹೋಗುತ್ತದೆ.

2020ರಲ್ಲಿ ಗ್ಯಾಲರಿಗಳು ಬಾಗಿಲು ಹಾಕಿದಾಗ ಮಾತುಕತೆಗಳು ಆನ್‌ಲೈನಿಗೆ ಬಂದವು. ಆಗ ನಾನು ಗಮನಿಸಿದ ಒಂದು ವಿಷಯ ಇದೆ. ಸಭಾಂಗಣದಲ್ಲಿ ಕೈ ಎತ್ತದವರು ಚಾಟ್‌ನಲ್ಲಿ ಟೈಪ್ ಮಾಡುತ್ತಿದ್ದರು. "ಈ ನೀಲಿ ಯಾಕೆ ಇಷ್ಟು ಕಡೆ ಬಂದಿದೆ?" "ಇದನ್ನು ನೋಡಿದರೆ ನನಗೆ ಭಯ ಆಗುತ್ತದೆ, ನಿಮಗೆ ಬರೆಯುವಾಗ ಆಗಲಿಲ್ವಾ?" ಎಂಥ ಒಳ್ಳೆಯ ಪ್ರಶ್ನೆಗಳು! ಕಲಾವಿದರು ಸ್ಲೈಡ್ ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಆಗಿತ್ತು ಅಂತ ಶುರು ಮಾಡಿದ ಕ್ಷಣಗಳೇ ನನಗೆ ಇವತ್ತಿಗೂ ನೆನಪಿರುವುದು. ಈಗ ಎಲ್ಲರೂ ಮತ್ತೆ ಸಭಾಂಗಣಕ್ಕೆ ವಾಪಸ್ ಬಂದಿದ್ದೇವೆ. ಕಾರ್ಯಕ್ರಮ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಬಾಗಿಲಲ್ಲೇ ಒಂದೊಂದು ಚೀಟಿ ಕೊಡಿ. ಮೊದಲು ಅರ್ಧ ಗಂಟೆ ಚಿತ್ರ ನೋಡಲು ಬಿಡಿ, ಅನಿಸಿದ್ದನ್ನು ಬರೆಯಲು ಹೇಳಿ, ಹೆಸರು ಬೇಡ. ಆಮೇಲೆ ಆ ಚೀಟಿಗಳನ್ನು ಕಲಾವಿದರ ಕೈಗೆ ಕೊಟ್ಟು, ಅಲ್ಲಿಂದಲೇ ಮಾತು ಶುರು ಮಾಡಿ ಅನ್ನಿ.