ಸಭೆಗೆ ಬಾರದವರ ಪಟ್ಟಿ

ಕೆರೆ ಹೂಳೆತ್ತುವ ಯೋಜನೆಗಳಿಗೆ ನಾನು ಸೇರಿದ ಹೊಸತು. ಒಂದು ಊರಿನಲ್ಲಿ ನಮ್ಮ ಜೆಸಿಬಿ ಹನ್ನೊಂದು ದಿನ ಸುಮ್ನೆ ನಿಂತಿತ್ತು. ಗ್ರಾಮಸಭೆ ಆಗಿತ್ತು, ಠರಾವು ಆಗಿತ್ತು, ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಜಮೀನಿನ, ರೈತರೆಲ್ಲ ಖುಷಿಯಿಂದ ಸಹಿ ಹಾಕಿದ್ದರು. ಆದರೆ ಕೆಲಸ ಶುರುವಾದ ಮೂರನೇ ದಿನ ಬೆಳಿಗ್ಗೆ ಏಳೆಂಟು ಜನ ಬಂದು ಏರಿಯ ಮೇಲೆ ಕೂತರು. ಕೆರೆಯನ್ನು ಗುತ್ತಿಗೆ ಹಿಡಿದು ಮೀನು ಸಾಕುತ್ತಿದ್ದವರು. ಆ ವರ್ಷ ಮಳೆ ತಡವಾಗಿ, ಮರಿ ಬಿಟ್ಟಿದ್ದೂ ತಡವಾಗಿತ್ತು. ಮೀನು ಇನ್ನೂ ಕಾಲು ಕೆಜಿ ತೂಗುತ್ತಿರಲಿಲ್ಲ. ನಾವು ಪಂಪ್ ಇಟ್ಟು ಹೊರಗೆ ಹಾಕುತ್ತಿದ್ದದ್ದು ಆ ಮೀನು ಇದ್ದ ನೀರನ್ನೇ.

‘ಎರಡು ತಿಂಗಳು ತಡೆದಿದ್ರೆ ನಾವೇ ಹಿಡಿದು ಖಾಲಿ ಮಾಡ್ತಿದ್ವಿ ಸಾರ್. ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಗುತ್ತಿಗೆಯ ಕಾಗದ ಪಂಚಾಯಿತಿ ಕಡತದಲ್ಲೇ ಇತ್ತು. ನಾವು ತೆಗೆದು ನೋಡಿರಲಿಲ್ಲ, ಅಷ್ಟೇ.

ಸ್ಟೇಕ್‌ಹೋಲ್ಡರ್ ಅನ್ನುವ ಪದಕ್ಕೆ ವರದಿಗಳಲ್ಲಿ ‘ಭಾಗೀದಾರರು’ ಅಂತ ಬರೆಯುತ್ತೇವೆ. ಬರೆದ ಕೂಡಲೇ ಸಭೆಗೆ ಬರುವವರೇ ಕಣ್ಣ ಮುಂದೆ ಬರುತ್ತಾರೆ. ನಾನು ಈಗ ಬೇರೆ ರೀತಿ ಲೆಕ್ಕ ಹಾಕುತ್ತೇನೆ. ಈ ಕೆಲಸದಿಂದ ಯಾರ ದಿನದ ಬದುಕು ಬದಲಾಗುತ್ತದೋ ಅವರೆಲ್ಲ ಪಟ್ಟಿಯಲ್ಲಿರಬೇಕು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಭೆಗೆ ಬರುವವರಲ್ಲ.

ಹಾಗಾದರೆ ಅವರು ಸಿಗುವುದು ಹೇಗೆ? ನಾನು ಮೊದಲು ಹುಡುಕುವುದು ನೀರುಗಂಟಿಯನ್ನು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವರು ಇವರು. ಈಗ ಎಷ್ಟೋ ಕಡೆ ಆ ಕೆಲಸ ನಿಂತಿದೆ, ಆದರೆ ಮಾಡಿದವರು ಊರಲ್ಲಿ ಇರುತ್ತಾರೆ. ಅಂಥ ಒಬ್ಬ ಅಜ್ಜನನ್ನು, ‘ಈ ಕೆರೆಗೆ ಯಾವ ತಿಂಗಳಲ್ಲಿ ಯಾರು ಬರ್ತಾರೆ?’ ಅಂತ ಕೇಳಿದೆ. ಅಜ್ಜ ತೂಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಒಣಗಿದ ಹೂಳಿನ ಮೇಲೆ ಕೆರೆಯ ಚಿತ್ರ ಗೀಚಿದರು. ಇಲ್ಲಿ ಮಡಿವಾಳರ ಬಂಡೆ. ಈ ಮೂಲೆಯ ಜೇಡಿಮಣ್ಣು ಕುಂಬಾರರದ್ದು, ಬೇಸಿಗೆಯಲ್ಲಿ ಮಾತ್ರ ತೆಗೀತಾರೆ. ನೀರು ಇಳಿದ ಮೇಲೆ ಇಲ್ಲೆಲ್ಲ ಹುಲ್ಲು, ಕುರಿಯವರು ಬರ್ತಾರೆ. ಆ ಕಡೆ ಗಣಪತಿ ಬಿಡುವ ಜಾಗ. ಹತ್ತು ನಿಮಿಷದಲ್ಲಿ ನನ್ನ ಪಟ್ಟಿಗೆ ಏಳು ಗುಂಪು ಸೇರಿದವು. ನಮ್ಮ ನಮೂನೆಯಲ್ಲಿ ಇದ್ದದ್ದು ಎರಡೇ: ರೈತರು, ಪಂಚಾಯಿತಿ.

‘ಯಾವ ತಿಂಗಳಲ್ಲಿ’ ಅಂತ ಕೇಳುವುದು ಮುಖ್ಯ. ‘ಕೆರೆ ಯಾರು ಬಳಸ್ತಾರೆ?’ ಅಂತ ಕೇಳಿದರೆ ‘ಊರವರೆಲ್ಲ’ ಅನ್ನುವ ಉತ್ತರ ಬರುತ್ತದೆ. ತಿಂಗಳು ಹಿಡಿದು ಕೇಳಿದರೆ ಜನರೂ ಸಿಗುತ್ತಾರೆ, ನಮ್ಮ ಯಂತ್ರ ಯಾವಾಗ ಇಳಿಯಬಾರದು ಅನ್ನುವುದೂ ತಿಳಿಯುತ್ತದೆ.

ಎಲ್ಲರಿಗಿಂತ ಕಷ್ಟ ಕೆರೆಯಂಗಳದಲ್ಲಿ ಉಳುಮೆ ಮಾಡುವವರ ಜೊತೆ ಮಾತಾಡುವುದು. ಕಾಗದದ ಪ್ರಕಾರ ಅದು ಒತ್ತುವರಿ. ಸಭೆಗೆ ಬಂದರೆ ತಪ್ಪು ಒಪ್ಪಿಕೊಂಡಂತೆ ಅಂತ ಅವರು ಬರುವುದಿಲ್ಲ. ಅದನ್ನು ಒಪ್ಪಿಗೆ ಅಂದುಕೊಂಡರೆ ಸರ್ವೆ ದಿನ ಗಲಾಟೆ ಖಂಡಿತ. ಸರ್ವೆಯವರು ಬರುವುದಕ್ಕೆ ಮುಂಚೆಯೇ ನಾನು ಅವರ ಮನೆಗೆ ಹೋಗುತ್ತೇನೆ, ಒಬ್ಬೊಬ್ಬರ ಮನೆಗೆ, ಸಂಜೆ ಹೊತ್ತು. ಜಾಗ ಬಿಡುವುದರಲ್ಲಿ ರಾಜಿ ಇಲ್ಲ ಅಂತ ಮೊದಲೇ ಹೇಳುತ್ತೇನೆ. ಆದರೆ ಯಾವಾಗ ಬಿಡಬೇಕು ಅನ್ನುವುದರಲ್ಲಿ ಮಾತಿಗೆ ಜಾಗ ಇರುತ್ತದೆ. ನಿಂತ ರಾಗಿ ಕೊಯ್ದುಕೊಳ್ಳಲು ಬಿಟ್ಟದ್ದಕ್ಕೇ ಶಾಂತವಾಗಿ ಹಿಂದೆ ಸರಿದವರನ್ನು ನೋಡಿದ್ದೇನೆ.

ಕಚೇರಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ರಾಜ್ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಒತ್ತುವರಿ, ಸರ್ವೆ ಅಂದರೆ ಕಂದಾಯದವರು. ಏರಿಯ ಮರಕ್ಕೆ ಕೈ ಹಾಕಬೇಕಾದರೆ ಅರಣ್ಯದವರು. ಎಲ್ಲರನ್ನೂ ಒಮ್ಮೆ ಏರಿಯ ಮೇಲೇ ಸೇರಿಸಿಬಿಡಿ. ಕಾಗದದಲ್ಲಿ ತಿಂಗಳುಗಟ್ಟಲೆ ಎಳೆಯುವುದು ಅಲ್ಲಿ ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ.

ಇಷ್ಟು ಒಂದು ಕೆರೆಯ ಮಾತಾಯಿತು. ನಮ್ಮ ಬಯಲುಸೀಮೆಯ ಕೆರೆಗಳು ಸರಣಿಯಲ್ಲಿವೆ, ಅಲ್ವಾ? ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು; ಹೆಚ್ಚಾದ ನೀರು ಹೊರಗೆ ಹರಿಯುವ ಜಾಗವೇ ಕೋಡಿ. ಒಂದು ಕೆರೆ ಒಂದು ಪ್ರಾಜೆಕ್ಟ್ ಆದರೆ, ಸರಣಿ ಪೂರ್ತಿ ಒಂದು ಪ್ರೋಗ್ರಾಂ. ಒಂದೊಂದು ಊರಿನಲ್ಲೂ ಚೆನ್ನಾಗಿ ಸಭೆ ನಡೆಸಿ ಸರಣಿಯಲ್ಲಿ ಸೋತುಹೋಗಬಹುದು. ಒಂದು ಕಡೆ ಮೇಲಿನ ಊರಿನವರು ಕೋಡಿಯನ್ನು ಒಂದಡಿ ಎತ್ತರಿಸಿ ಅಂತ ಕೇಳಿದರು. ಸಭೆಯಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕಾದವರು ಕೆಳಗಿನ ಊರಿನಲ್ಲಿದ್ದರು.

ಇದು ಇವತ್ತಿನ ಜಗಳ ಅಲ್ಲ. ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ 1892ರಲ್ಲಿ ಒಪ್ಪಂದ ಆದದ್ದರ ಹಿಂದೆಯೂ ಇದೇ ಆತಂಕ ಇತ್ತು: ಮೇಲಿನವರು ನೀರು ಹಿಡಿದರೆ ಕೆಳಗಿನವರಿಗೆ ಕಡಿಮೆ ಬರುತ್ತದೆ.

ಕೆಳಗಿನ ಊರಿನಿಂದ ನಾಲ್ವರನ್ನು ಕರೆದುಕೊಂಡು ಹೋಗಿ ಮೇಲಿನ ಕೆರೆಯ ಕೋಡಿ ತೋರಿಸಿದೆವು. ಅವರಲ್ಲೊಬ್ಬ ಹೆಂಗಸು ಕೇಳಿದರು: ‘ಕೋಡಿ ಎತ್ತರಿಸೋದು ಬಿಡಿ, ಹೂಳು ತೆಗೆದ್ರೂ ಈ ಕೆರೆ ತುಂಬೋಕೆ ಜಾಸ್ತಿ ನೀರು ಬೇಕಲ್ವಾ? ನಮಗೆ ಬರೋದು ತಡ ಆಗಲ್ವಾ?’ ನಿಜ, ತಡವಾಗುತ್ತದೆ. ಹೌದು ಅಂತಲೇ ಹೇಳಿದೆ. ಅಲ್ಲಿ ಮುಚ್ಚಿಟ್ಟಿದ್ದರೆ ಮೊದಲ ಮಳೆಯಲ್ಲೇ ಬಯಲಾಗುತ್ತಿತ್ತು. ಮೂರು ಸಲ ಎರಡೂ ಊರಿನವರು ಒಟ್ಟಿಗೆ ಕೂತರು. ಕೊನೆಗೆ ಕೋಡಿ ಇದ್ದಷ್ಟೇ ಇರಬೇಕು ಅಂತಾಯಿತು, ಮಟ್ಟವನ್ನು ಕಲ್ಲಿನಲ್ಲಿ ಗುರುತು ಹಾಕಿದರು. ಅದರ ಮೇಲೆ ಮರಳು ಮೂಟೆ ಇಡುವಂತಿಲ್ಲ. ಹೂಳೆತ್ತುವ ಹಣದಲ್ಲಿ ಒಂದು ಭಾಗ ತೆಗೆದು, ಮುಚ್ಚಿಹೋಗಿದ್ದ ಪೋಷಕ ಕಾಲುವೆಗಳನ್ನು ಎರಡೂ ಕೆರೆಗೆ ಬಿಡಿಸಿದೆವು. ನಕ್ಷೆ ಬದಲಾಯಿತು, ಅಂದಾಜುಪಟ್ಟಿ ಮತ್ತೆ ಬರೆಯಬೇಕಾಯಿತು. ಮೇಲಧಿಕಾರಿಗಳಿಗೆ ಬೇಸರವಾಯಿತು. ಆದರೆ ಯಂತ್ರ ಒಂದು ದಿನವೂ ನಿಲ್ಲಲಿಲ್ಲ.

ಜನರನ್ನು ಕೇಳುವುದನ್ನು ಎಷ್ಟೋ ತಂಡಗಳು ಚೆನ್ನಾಗಿ ಮಾಡುತ್ತವೆ. ಕೇಳಿದ್ದು ಏನಾಯಿತು ಅಂತ ಹಿಂದೆ ಹೋಗಿ ಹೇಳುವವರು ಕಡಿಮೆ. ಅದಕ್ಕೆ ನಾನು ಪಂಚಾಯಿತಿ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇಡಿಸುತ್ತೇನೆ. ಒಂದು ಕಡೆ ‘ನೀವು ಹೇಳಿದ್ದು’, ಇನ್ನೊಂದು ಕಡೆ ‘ಆಗಿದ್ದು’. ಆಗದೇ ಇದ್ದರೆ ‘ಆಗಲಿಲ್ಲ’ ಅಂತ ಬರೆದು ಕಾರಣವನ್ನೂ ಬರೆಯುತ್ತೇವೆ. ಕಳೆದ ಬೇಸಿಗೆಯಲ್ಲಿ ಒಬ್ಬ ಕುಂಬಾರಣ್ಣ ಆ ಹಲಗೆಯ ಮುಂದೆ ನಿಂತು, ಓದು ಬಾರದ್ದರಿಂದ ಮಗಳ ಕೈಲಿ ಓದಿಸಿಕೊಂಡರು. ‘ಜೇಡಿಮಣ್ಣಿನ ಮೂಲೆ: ಯಂತ್ರ ಇಳಿಸುವುದಿಲ್ಲ.’ ಇನ್ನೊಂದು ಸಲ ಓದು ಅಂದರು. ಆಮೇಲೆ ಸೀದಾ ಕೆರೆ ಕಡೆ ನಡೆದು, ಅಲ್ಲಿ ನಾವು ನೆಟ್ಟಿದ್ದ ಗೂಟಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದರು.