ಬಾಹ್ಯಾಕಾಶ ವಾರಕ್ಕೆ ಮೊದಲು ತಿಥಿ ನೋಡಿ

ಮಾರ್ಚ್ ಮುಗಿಯುವ ಹೊತ್ತಿಗೆ ಫೋನ್ ಬರಲು ಶುರುವಾಗುತ್ತವೆ. 'ಮೇಡಂ, ಈ ಸಲ ಬೇಸಿಗೆ ಶಿಬಿರದಲ್ಲಿ ಒಂದು ವಾರ ಪೂರ್ತಿ ಸ್ಪೇಸ್ ಥೀಮ್. ನಾಲ್ಕರಿಂದ ಏಳು ವರ್ಷದ ಮಕ್ಕಳು. ಹಾಲ್ ಬುಕ್ ಆಗಿದೆ, ಬ್ಯಾನರ್ ಪ್ರಿಂಟಿಗೆ ಹೋಗಿದೆ. ಆಕ್ಟಿವಿಟಿ ಒಂದು ನೀವು ಪ್ಲ್ಯಾನ್ ಮಾಡಿಕೊಟ್ಟರೆ ಸಾಕು.' ಆ ಸೋಮವಾರ ಯಾವ ತಿಥಿ ಅಂತ ಕೇಳುತ್ತೇನೆ. ಆ ಕಡೆ ಸದ್ದಿಲ್ಲ. ಒಬ್ಬರಂತೂ 'ನಾವು ರಾಹುಕಾಲ ಗೀಹುಕಾಲ ಎಲ್ಲ ನೋಡಲ್ಲ ಮೇಡಂ, ಇದು ಸೈನ್ಸ್ ಕ್ಯಾಂಪು' ಎಂದು ನನಗೇ ಪಾಠ ಹೇಳಿದರು.

ನಾನು ಮುಹೂರ್ತ ಕೇಳುತ್ತಿಲ್ಲ ಮಹರಾಯರೇ. ಆ ವಾರ ಚಂದ್ರ ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ ಎಂದು ಕೇಳುತ್ತಿದ್ದೇನೆ.

ಐದು ವರ್ಷದ ಮಗುವಿಗೆ ನೆಪ್ಚೂನ್ ಬರೀ ಒಂದು ಹೆಸರು. ಎಂಟೂ ಗ್ರಹಗಳನ್ನು ಗಿಣಿಪಾಠ ಒಪ್ಪಿಸುತ್ತದೆ, ಅಪ್ಪ ಅಮ್ಮ ವಿಡಿಯೋ ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಬರಿಗಣ್ಣಿಗೆ ದಿನದಿನವೂ ಆಕಾರ ಬದಲಿಸಿ ತೋರುವವನು ಚಂದ್ರ ಒಬ್ಬನೇ. ಅವನನ್ನು ಬಿಟ್ಟು ಥರ್ಮೋಕೋಲ್ ಉಂಡೆಗಳಿಗೆ ಬಣ್ಣ ಬಳಿಸುವುದನ್ನು ಬಾಹ್ಯಾಕಾಶ ವಾರ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕ್ರಾಫ್ಟ್ ಬೇಡ ಅಂತಲ್ಲ. ಮೊದಲು ಆಕಾಶ, ಆಮೇಲೆ ಅಂಟು.

ಇನ್ನು ತಿಥಿಯ ವಿಷಯ. ಎಷ್ಟು ಸಲ ಹೇಳಿದರೂ ಜಾರಿಹೋಗುವುದರಿಂದ ನಿಧಾನವಾಗಿ ಹೇಳುತ್ತೇನೆ. ಅಮಾವಾಸ್ಯೆಯ ದಿನ ಚಂದ್ರ ಹೆಚ್ಚುಕಡಿಮೆ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ, ಕಾಣುವುದಿಲ್ಲ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 12-13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಹಾಗಾಗಿ ದಿನವೂ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಬಿದಿಗೆಯ ಗೆರೆಯಂಥ ಚಂದ್ರ ಪಶ್ಚಿಮದಲ್ಲಿ ತೀರಾ ಕೆಳಗಿರುತ್ತಾನೆ. ಯುಗಾದಿ ಚಂದ್ರನನ್ನು ಹುಡುಕಿದವರಿಗೆ ಆ ಪರದಾಟ ಗೊತ್ತು. ತದಿಗೆ, ಚೌತಿಯ ಹೊತ್ತಿಗೆ ಸಂಜೆ ಏಳಕ್ಕೆ ಯಾರ ಕಣ್ಣಿಗಾದರೂ ಬೀಳುತ್ತಾನೆ. ಶುಕ್ಲ ಅಷ್ಟಮಿಯ ಅರ್ಧಚಂದ್ರ ಮಧ್ಯಾಹ್ನವೇ ಹುಟ್ಟಿ, ಸೂರ್ಯ ಮುಳುಗುವಾಗ ನೆತ್ತಿಯ ಹತ್ತಿರ ಇರುತ್ತಾನೆ. ಹುಣ್ಣಿಮೆಯವನು ಸೂರ್ಯಾಸ್ತದ ಹೊತ್ತಿಗೆ ಪೂರ್ವದಲ್ಲಿ ಏಳುತ್ತಾನೆ. ಹುಣ್ಣಿಮೆ ಕಳೆದ ಮೇಲೆ? ಸಂಕಷ್ಟಿ ಮಾಡುವ ಮನೆಯವರನ್ನು ಕೇಳಿ. ಕೃಷ್ಣಪಕ್ಷದ ಚೌತಿಯ ದಿನ ಚಂದ್ರ ಕಾಣುವ ತನಕ ಊಟವಿಲ್ಲ. ಗಂಟೆ ಒಂಬತ್ತಾಗುತ್ತದೆ, ಕೆಲವು ತಿಂಗಳು ಇನ್ನೂ ಹೆಚ್ಚು. ಆ ಹೊತ್ತಿಗೆ ನಿಮ್ಮ ಶಿಬಿರದ ಮಕ್ಕಳು ಮಲಗಿರುತ್ತಾರೆ.

ಅಂದರೆ ಮಕ್ಕಳು ಮನೆಯಲ್ಲಿ ಸಂಜೆ ಚಂದ್ರನನ್ನು ನೋಡಬೇಕಿದ್ದರೆ, ನಿಮ್ಮ ವಾರ ಶುಕ್ಲಪಕ್ಷದ ತದಿಗೆ-ಚೌತಿಗೆ ಶುರುವಾಗಲಿ. ದಿನವೂ ಒಂದೇ ಹೊತ್ತು, ಒಂದೇ ಜಾಗ. ಏಳಕ್ಕೆ ತಾರಸಿ ಎಂದರೆ ಏಳಕ್ಕೇ ತಾರಸಿ. ಈ 'ಒಂದೇ ಹೊತ್ತು' ಎಂಬುದನ್ನು ಪೋಷಕರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇವತ್ತು ಏಳಕ್ಕೆ, ನಾಳೆ ಊಟ ಮುಗಿಸಿ ಒಂಬತ್ತಕ್ಕೆ ನೋಡಿದರೆ, ಭೂಮಿ ಗಂಟೆಗೆ 15 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಚಂದ್ರ ಮೇಲೇರಬೇಕಾದ ಜಾಗದಲ್ಲಿ ಕೆಳಗಿಳಿದ ಹಾಗೆ ಕಾಣುತ್ತಾನೆ, ಮಗುವಿನ ಚಿತ್ರಪುಸ್ತಕ ಗೋಜಲಾಗುತ್ತದೆ. ಹೊತ್ತು ತಪ್ಪದಿದ್ದರೆ ದಿನಕ್ಕೊಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಸರಿಯುವುದನ್ನು ಮಗುವೇ ಅಳೆಯಬಹುದು. ಕೈ ಉದ್ದಕ್ಕೆ ಚಾಚಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ. ಪುಟ್ಟ ಕೈಗೆ ಪುಟ್ಟ ಮುಷ್ಟಿ, ಆದ್ದರಿಂದ ಲೆಕ್ಕ ಅಷ್ಟೇ ಇರುತ್ತದೆ.

ಮನೆಯವರನ್ನು ನಂಬಲಾಗದು, ಶಿಬಿರದಲ್ಲೇ ಎಲ್ಲ ಆಗಬೇಕು ಎನ್ನುವವರಿಗೆ ಕೃಷ್ಣಪಕ್ಷವೇ ಒಳ್ಳೆಯದು. ಷಷ್ಠಿಯಿಂದ ದಶಮಿವರೆಗೆ ಬೆಳಗಿನ ಹೊತ್ತು ಚಂದ್ರ ಆಕಾಶದಲ್ಲೇ ಇರುತ್ತಾನೆ; ಅಷ್ಟಮಿಯವನು ಮುಳುಗುವುದೇ ಮಧ್ಯಾಹ್ನದ ಸುಮಾರಿಗೆ. ಒಂದು ಶಿಬಿರದಲ್ಲಿ ಬೆಳಿಗ್ಗೆ ಎಂಟೂವರೆಗೆ ಹೀಗೆ ಅಂಗಳಕ್ಕೆ ಕರೆದೊಯ್ದು ತೋರಿಸಿದಾಗ ಒಬ್ಬ ಹುಡುಗ, 'ಮನೆಗೆ ಹೋಗೋದು ಮರ್ತಿದಾನೆ' ಅಂದ. ಪಕ್ಕದಲ್ಲಿದ್ದ ಹುಡುಗಿಗೆ ಅದು ಒಪ್ಪಿಗೆಯಾಗಲಿಲ್ಲ. 'ಅದು ನಿನ್ನೆ ಚಂದ್ರ ಕಣೋ. ಇವತ್ತಿಂದು ರಾತ್ರಿ ಬರತ್ತೆ.' ಟೀಚರ್ ತಿದ್ದಲು ಬಾಯಿ ತೆರೆದರು, ನಾನು ಕಣ್ಣಲ್ಲೇ ಬೇಡ ಎಂದೆ. ನೋಡಿದ್ದನ್ನು ಇಟ್ಟುಕೊಂಡು ಆ ಹುಡುಗಿ ಒಂದು ಸಿದ್ಧಾಂತ ಕಟ್ಟಿದ್ದಾಳೆ, ನಾಳೆ ಮತ್ತೆ ನೋಡಿ ತಾನೇ ಕೆಡವುತ್ತಾಳೆ. ನಮಗೇನು ಅವಸರ?

ಅದೇ ಅಂಗಳದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಚೆಂಡು ಕೊಡಿ. ಬಿಸಿಲಿನಲ್ಲಿ ನಿಂತು ಚೆಂಡನ್ನು ಚಂದ್ರನ ಪಕ್ಕಕ್ಕೆ ಬರುವಂತೆ ಎತ್ತಿ ಹಿಡಿದರೆ, ಚಂದ್ರ ಎಷ್ಟು ಬೆಳಗಿದ್ದಾನೋ ಚೆಂಡೂ ಅಷ್ಟೇ ಬೆಳಗಿರುತ್ತದೆ, ಅದೇ ಕಡೆಯಿಂದ. ಭೂಮಿಯ ನೆರಳು ಬಿದ್ದು ಚಂದ್ರ ಕರಗುತ್ತಾನೆ ಎಂದು ಈಗಲೂ ಬೋರ್ಡ್ ಮೇಲೆ ಬರೆಯುವ ಟೀಚರ್‌ಗಳಿದ್ದಾರೆ. ಅದು ಗ್ರಹಣದ ಮಾತು. ಸೂರ್ಯ ಚಂದ್ರ ಇಬ್ಬರೂ ಕಣ್ಣೆದುರು ಆಕಾಶದಲ್ಲಿರುವಾಗ ಭೂಮಿಯ ನೆರಳು ಎಲ್ಲಿಂದ ಬಂತು ಸ್ವಾಮಿ?

ರಾಕೆಟ್ ಇಲ್ಲದಿದ್ದರೆ ಅಪ್ಪಂದಿರಿಗೆ ಬೇಜಾರು. ಇರಲಿ. ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6.04ಕ್ಕೆ. ಅವತ್ತು ಶುಕ್ಲ ಸಪ್ತಮಿ. ಲ್ಯಾಂಡರ್ ವಿಕ್ರಮ್ ಮತ್ತು ರೋವರ್ ಪ್ರಜ್ಞಾನ್ ನಡೆದದ್ದು ಸೌರಫಲಕದಿಂದ, ಅಲ್ಲಿಯ ಒಂದು ಹಗಲು ನಮ್ಮ ಸುಮಾರು 14 ದಿನ. ಇಳಿಯುವ ಜಾಗದಲ್ಲಿ ಬೆಳಗಾಗುವ ಹೊತ್ತನ್ನೇ ಆರಿಸಿದರೆ ಪೂರ್ತಿ ಹಗಲು ದಕ್ಕುತ್ತದೆ. ಬೆಂಗಳೂರಿನ ಇಸ್ರೋದವರೂ ತಿಥಿ ನೋಡಿದರು ಎಂದು ನಾನು ಹೇಳಿದರೆ ಅವರು ಒಪ್ಪಲಿಕ್ಕಿಲ್ಲ, ಆದರೆ ನೋಡಿದ್ದು ಅದನ್ನೇ.

ಭೂಮಿ-ಚಂದ್ರರ ಚಾರ್ಟ್ ತೂಗುಹಾಕುವುದಾದರೆ ಜೊತೆಗೆ ದೂರ ಅಳೆಯಲು ಒಂದು ಹಗ್ಗವನ್ನೂ ತನ್ನಿ. ಭೂಮಿ ಬಾಸ್ಕೆಟ್‌ಬಾಲ್ ಆದರೆ ಚಂದ್ರ ಟೆನಿಸ್ ಚೆಂಡು, ನಡುವೆ ಏಳು ಮೀಟರಿಗೂ ಹೆಚ್ಚು ದೂರ. ಚೆಂಡನ್ನು ಎಲ್ಲಿಡೋಣ ಎಂದು ಮೊದಲು ಮಕ್ಕಳನ್ನು ಕೇಳಿ. ಒಂದು ಗೇಣು ದೂರದಲ್ಲಿಡುತ್ತಾರೆ, ಟೀಚರ್‌ಗಳೂ ಅಷ್ಟೇ.

ನೆರಳಿನ ಆಟಕ್ಕೆ ತಿಥಿ ಬೇಡ, ತಾರೀಖು ಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ 12.17ರ ಸುಮಾರಿಗೆ ಸೂರ್ಯ ನೇರ ನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಹುಬ್ಬಳ್ಳಿಯಲ್ಲಿ ಇದು ಮೇ ಮೊದಲ ದಿನಗಳಲ್ಲಿ, ಬೀದರಿನಲ್ಲಿ ಮೇ ಎರಡನೇ ವಾರದಲ್ಲಿ. ನೀರು, ಟೋಪಿ ಇರಲಿ, ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬೇಡಿ. ಸೂರ್ಯನನ್ನು ನೇರವಾಗಿ ನೋಡಬಾರದು, ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ನೋಡಬಾರದು. ಇದನ್ನು ದಿನವೂ ಹೇಳಿ.

ಮೋಡದ ಭರವಸೆ ನಾನು ಕೊಡಲಾರೆ. ಮೇ ಸಂಜೆಗಳಲ್ಲಿ ಗುಡುಗು ಮಳೆ ಸಾಮಾನ್ಯ, ಕರಾವಳಿ ಮಲೆನಾಡಿನವರು ಏಪ್ರಿಲ್‌ನಲ್ಲೇ ಮುಗಿಸಿಕೊಂಡರೆ ಕ್ಷೇಮ. ತಾರೀಖು ಬದಲಿಸಲು ಆಗುವುದೇ ಇಲ್ಲ, ಅಮಾವಾಸ್ಯೆಯೇ ಗಂಟುಬಿದ್ದಿದೆ ಎನ್ನುವವರು ಚಂದ್ರನನ್ನು ಬಿಟ್ಟು ನೆರಳು ಮತ್ತು ನಕ್ಷತ್ರ ಹಿಡಿಯಿರಿ. ಏಪ್ರಿಲ್-ಮೇ ತಿಂಗಳ ರಾತ್ರಿ ಎಂಟರ ಮೇಲೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಎತ್ತರಕ್ಕೆ ಬಂದಿರುತ್ತದೆ. ಊರ ದೀಪಗಳ ನಡುವೆ ಏಳೂ ಕಾಣದಿದ್ದರೆ ಬೆಂಗಳೂರಿನವರಿಗೆ ನೆಹರೂ ತಾರಾಲಯ ಇದೆ, ಕನ್ನಡದಲ್ಲೂ ಪ್ರದರ್ಶನವಿದೆ. ರಜೆಯಲ್ಲಿ ರಶ್ ಇರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ನಾಲ್ಕು ವರ್ಷದವರನ್ನು ಮಾತ್ರ ಬಾಗಿಲ ಹತ್ತಿರ ಕೂರಿಸಿ. ದೀಪ ಆರಿದ ಕೂಡಲೇ ಒಬ್ಬರಿಗಾದರೂ ಸುಸ್ಸು ಬಂದೇ ಬರುತ್ತದೆ.